ಯಾವ ಸೆಪಿಯಾ? ಮಂಗಳೂರು ದಕ್ಕೆಯಿಂದ ಕಾರವಾರದ ಮರಳಿನವರೆಗೆ

ನಮ್ಮ ಕಾಲೇಜಿನ ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ಒಂದು ಬಿಳಿ ಓಡು ಇದೆ. ದೋಣಿಯ ಆಕಾರ, 17 ಸೆಂ.ಮೀ. ಉದ್ದ, ಉಗುರಿನಲ್ಲಿ ಗೀರಿದರೆ ಸುಣ್ಣದ ಪುಡಿ ಉದುರುತ್ತದೆ. ಹಿಂತುದಿ ಮುರಿದಿದೆ. ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಅದಕ್ಕೆ ‘ಸೆಪಿಯಾ’ ಎಂದಷ್ಟೇ ಬರೆದು ಚೀಟಿ ಅಂಟಿಸಿದ್ದರು. ಹದಿನಾರು ವರ್ಷ ಅದನ್ನೇ ಎತ್ತಿ ತೋರಿಸಿ, ಇದು ಕಟ್ಲ್‌ಫಿಶ್ ಎಂಬ ಮೃದ್ವಂಗಿಯ ಒಳ ಓಡು, ಇದನ್ನೇ ನಾಟಿ ವೈದ್ಯರು ಸಮುದ್ರ ನೊರೆ ಅನ್ನುತ್ತಾರೆ, ಗಿಳಿ ಸಾಕುವವರು ಪಂಜರಕ್ಕೆ ಕಟ್ಟುತ್ತಾರೆ ಎಂದು ಪಾಠ ಮಾಡಿದ್ದೇನೆ. ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಸೆಪಿಯಾ ಅಂದ್ರೆ ಕುಲದ ಹೆಸರಲ್ವಾ? ಪ್ರಭೇದ ಯಾವುದು?”

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಮೂರು ತಿಂಗಳಾಯಿತು.

ನಮ್ಮ ಸಾಗರ ಪೇಟೆಯಿಂದ ಘಟ್ಟ ಇಳಿದರೆ ಕಡಲು. ನಮ್ಮ ಕರಾವಳಿಯ ಬಲೆಗೆ ಬೀಳುವ ಸೆಪಿಯಾಗಳಲ್ಲಿ ಮುಖ್ಯವಾದವು ಎರಡು: ಸೆಪಿಯಾ ಫರೋನಿಸ್ ಮತ್ತು ಸೆಪಿಯಾ ಅಕ್ಯುಲಿಯೇಟಾ. ಹತ್ತಿರದ ನೆಂಟರು, ನೋಡಲು ಒಂದೇ ಥರ. ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಮೀನುಗಾರಿಕೆಯ ಪದವಿ ಓದುತ್ತಿದ್ದಾನೆ. ನವೆಂಬರ್ ಕೊನೆಯ ವಾರ ಐದು ದಿನ ರಜೆ ಹಾಕಿದೆ. ಆ ಓಡನ್ನು ಹತ್ತಿಯಲ್ಲಿ ಸುತ್ತಿ ಟಿಫಿನ್ ಡಬ್ಬಿಯೊಳಗಿಟ್ಟುಕೊಂಡು ಬಸ್ಸು ಹತ್ತಿದೆ.

ಮೊದಲ ದಿನ: ದಕ್ಕೆ

ಬೆಳಗಿನ ಐದೂವರೆಗೆ ಅಳಿಯ ನನ್ನನ್ನು ಹಳೆ ಬಂದರಿನ ದಕ್ಕೆಗೆ ಕರೆದೊಯ್ದ. ನದಿಯ ಮೇಲೆ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ನಾಲ್ಕನೆಯ ಸಾಲಿನ ಬೋಟಿನಿಂದ ದಡಕ್ಕೆ ಬರಬೇಕಾದರೆ ಮೂರು ಬೋಟು ದಾಟಬೇಕು, ಅದನ್ನೂ ಮೀನಿನ ಬುಟ್ಟಿ ಹೊತ್ತುಕೊಂಡು. ಡೀಸೆಲ್, ಐಸು, ಹಗ್ಗ, ಕೂಗು. ತುಳು, ಬ್ಯಾರಿ, ಕನ್ನಡ, ತಮಿಳು, ಮಲಯಾಳಂ ಎಲ್ಲವೂ ಒಂದೇ ಉಸಿರಿನಲ್ಲಿ. ಕಾಲಡಿಯ ಸಿಮೆಂಟು ಕೆಲವೆಡೆ ಅಪ್ಪಟ ಕಪ್ಪು. ಮಸಿ ಅದು, ಬೊಂಡಾಸ್ ಬಿಟ್ಟ ಮಸಿ.

ಇಲ್ಲಿ ಬೊಂಡಾಸ್ ಅಂದರೆ ಸ್ಕ್ವಿಡ್. ಸಪೂರ ಮೈ, ಒಳಗೆ ಪ್ಲಾಸ್ಟಿಕ್ಕಿನಂಥ ತೆಳು ಕಡ್ಡಿ. ಅದೇ ಅಗಲ ಮೈಯ, ಬೆನ್ನೊಳಗೆ ಸುಣ್ಣದ ಓಡಿರುವ ಕಟ್ಲ್‌ಫಿಶ್‌ಗೆ ಕಪ್ಪೆ ಬೊಂಡಾಸ್ ಅನ್ನುತ್ತಾರೆ. ಕಪ್ಪೆಯಂತೆ ಕುಕ್ಕರಿಸಿದ ಆ ಮೈ ನೋಡಿದರೆ ಹೆಸರು ಇಟ್ಟವರ ಕಣ್ಣು ಎಷ್ಟು ಚುರುಕು ಎಂದು ತಿಳಿಯುತ್ತದೆ. ಆದರೆ ಆ ಹೆಸರು ಅಲ್ಲಿಗೇ ನಿಲ್ಲುತ್ತದೆ. ಫರೋನಿಸ್ ಇರಲಿ, ಅಕ್ಯುಲಿಯೇಟಾ ಇರಲಿ, ಎರಡೂ ಕಪ್ಪೆ ಬೊಂಡಾಸ್. ಎರಡೂ ಒಂದೇ ಬುಟ್ಟಿಗೆ.

ನಾವು ಬಗ್ಗಿ ಬಗ್ಗಿ ನೋಡುವುದನ್ನು ಗಮನಿಸಿದ ಮೀನು ಮಾರುವ ಹೆಂಗಸು ಕೇಳಿದಳು: “ಎಂತ ಮಾರಾಯ್ರೆ, ತಿನ್ಲಿಕ್ಕಾ, ನೋಡ್ಲಿಕ್ಕಾ?”

“ನೋಡ್ಲಿಕ್ಕೆ ಅಕ್ಕಾ, ಆಮೇಲೆ ತಗೊಳ್ತೇವೆ. ಇದ್ರಲ್ಲಿ ಎರಡು ಜಾತಿ ಉಂಟಲ್ಲ?”

“ದೊಡ್ಡದು ಉಂಟು, ಸಣ್ಣದು ಉಂಟು. ಮುಟ್ಟಿ ನೋಡಿ, ಕಚ್ಚುದಿಲ್ಲ ಈಗ.”

ಮುಟ್ಟಿದೆ. ಐಸಿನ ಮೇಲೆ ಮಲಗಿದ್ದರೂ ಚರ್ಮದ ಮೇಲೆ ಕಂದು ಚುಕ್ಕೆಗಳು ಮಿಣುಕುತ್ತಿದ್ದವು. ಬೆರಳಿಟ್ಟ ಕಡೆ ಬಣ್ಣ ಹರಡಿ ಮತ್ತೆ ಕುಗ್ಗುತ್ತಿತ್ತು. ಪ್ರತಿ ಚುಕ್ಕೆಯೂ ಬಣ್ಣ ತುಂಬಿದ ಒಂದು ಸಣ್ಣ ಚೀಲ. ಸುತ್ತಲೂ ಕಿರಣಗಳ ಹಾಗೆ ಸ್ನಾಯುಗಳು. ಸ್ನಾಯು ಎಳೆದರೆ ಚೀಲ ಅಗಲವಾಗಿ ಬಣ್ಣ ಕಾಣುತ್ತದೆ, ಬಿಟ್ಟರೆ ಮುದುಡಿ ಮಾಯ. ಪ್ರಾಣಿ ಸತ್ತು ಎಷ್ಟೋ ಹೊತ್ತಿನ ತನಕ ಈ ಸ್ನಾಯುಗಳು ಮಿಡಿಯುತ್ತಿರುತ್ತವೆ. ಪಾಠದಲ್ಲಿ ಇದನ್ನು ನೂರು ಸಲ ಹೇಳಿದ್ದವನಿಗೆ ಆ ಮಿಣುಕು ಕಂಡಾಗ ಎದೆ ಝಲ್ಲೆಂದಿತು.

ನನ್ನ ತಲೆಯಲ್ಲಿದ್ದದ್ದು ಪಟ್ಟೆ. ಫರೋನಿಸ್‌ನ ಬೆನ್ನ ಮೇಲೆ ಹುಲಿಯ ಪಟ್ಟೆಯಂಥ ಅಡ್ಡಗೆರೆಗಳಿರುತ್ತವೆ, ಅದನ್ನೇ ಹಿಡಿದು ಬೇರೆ ಮಾಡಬಹುದು ಅಂದುಕೊಂಡು ಬಂದಿದ್ದೆ. ಬುಟ್ಟಿಯಲ್ಲಿ ಒಂದಿಷ್ಟಕ್ಕೆ ಪಟ್ಟೆ ಇತ್ತು, ಒಂದಿಷ್ಟಕ್ಕೆ ಮಾಸಲು ಗೆರೆ, ಇನ್ನುಳಿದವು ಮಸಿ ಮತ್ತು ಲೋಳೆಯಲ್ಲಿ ಮಿಂದು ಬರೀ ಬೂದು. ಬಣ್ಣ ಬದಲಿಸುವುದೇ ಬದುಕಾದ ಪ್ರಾಣಿಯನ್ನು ಬಣ್ಣದಿಂದ ಗುರುತಿಸಲು ಹೊರಟಿದ್ದೆ ನಾನು.

“ಪಟ್ಟೆ ನೋಡ್ಬೇಡ ಮಾವ, ಕೈ ನೋಡು,” ಅಂದ ಅಳಿಯ.

ಕಪ್ಪೆ ಬೊಂಡಾಸಿಗೆ ಎಂಟು ಗಿಡ್ಡ ಕೈ, ಎರಡು ಉದ್ದ ಕೈ. ಬೇಟೆಗೆ ಬಾಣದಂತೆ ಚಿಮ್ಮುವುದು ಈ ಎರಡು. ಉಳಿದ ಹೊತ್ತು ಅವು ಕಣ್ಣಿನ ಕೆಳಗಿನ ಎರಡು ಜೇಬಿನೊಳಗೆ ಮಡಚಿಕೊಂಡಿರುತ್ತವೆ. ಸತ್ತ ಮೇಲೂ ಹೆಚ್ಚಿನವು ಒಳಗೇ ಇರುತ್ತವೆ. ಬೆರಳು ತೂರಿಸಿ ಎಳೆಯಬೇಕು. ಅಳಿಯ ಒಂದನ್ನು ಎಳೆದು ತುದಿಯನ್ನು ನನ್ನ ಅಂಗೈ ಮೇಲೆ ಹರವಿದ. ತುದಿ ಸೌಟಿನಂತೆ ಅಗಲ. ಅದರ ತುಂಬ ಹೀರುಬಟ್ಟಲುಗಳು, ಅಡ್ಡಕ್ಕೆ ಎಂಟೆಂಟರ ಲೆಕ್ಕದಲ್ಲಿ. ಆದರೆ ನಡುವಿನ ಐದಾರು ಮಾತ್ರ ಬಲು ದೊಡ್ಡವು. ರಾಗಿ ಕಾಳಿನ ನಡುವೆ ಅವರೆಕಾಳು ಸಾಲಾಗಿ ಇಟ್ಟ ಹಾಗೆ. ಫರೋನಿಸ್.

ಮತ್ತೊಂದು ಬುಟ್ಟಿಯಿಂದ ಇನ್ನೊಂದು ಕೈ ಎಳೆದ. ಈ ತುದಿ ಹೆಚ್ಚು ಉದ್ದ. ಹೀರುಬಟ್ಟಲು ಅಡ್ಡಕ್ಕೆ ಹತ್ತರಿಂದ ಹದಿನಾಲ್ಕು, ಎಲ್ಲವೂ ಸಣ್ಣವು, ಹೆಚ್ಚುಕಮ್ಮಿ ಒಂದೇ ಗಾತ್ರ. ಇಲ್ಲಿ ಅವರೆಯೇ ಇಲ್ಲ, ಬರೀ ರಾಗಿ. ಅಕ್ಯುಲಿಯೇಟಾ.

ಅರ್ಧ ತಾಸು ಇಬ್ಬರೂ ಕೈ ಎಳೆಯುತ್ತಾ ಕೂತೆವು. ಮೊದಲು ಕಣ್ಣಿನಿಂದ ಊಹಿಸುವುದು, ಆಮೇಲೆ ಕೈ ನೋಡುವುದು. ದೊಡ್ಡವುಗಳಲ್ಲಿ ತಪ್ಪಲು ಅವಕಾಶವೇ ಇಲ್ಲ. ಫರೋನಿಸ್‌ನ ಮೈ 42 ಸೆಂ.ಮೀ.ವರೆಗೆ, ತೂಕ 5 ಕಿಲೋದವರೆಗೆ ಹೋಗುತ್ತದೆ. ಅಕ್ಯುಲಿಯೇಟಾ 23 ಸೆಂ.ಮೀ. ಮತ್ತು 1.3 ಕಿಲೋ ದಾಟುವುದಿಲ್ಲ. ಮೊಳದುದ್ದದ ಕಪ್ಪೆ ಬೊಂಡಾಸ್ ಕಂಡರೆ ಬೇರೆ ಗುರುತು ಬೇಡ. ತೊಡಕಿರುವುದು ಗೇಣುದ್ದದವುಗಳಲ್ಲಿ. ಅಲ್ಲಿ ಹರೆಯದ ಫರೋನಿಸ್ ಮತ್ತು ತುಂಬು ಬೆಳೆದ ಅಕ್ಯುಲಿಯೇಟಾ ಅಕ್ಕಪಕ್ಕ ಮಲಗಿರುತ್ತವೆ. ನನ್ನ ಊಹೆ ಮೂರರಲ್ಲಿ ಒಂದು ಸಲ ತಪ್ಪುತ್ತಿತ್ತು. ನಮ್ಮ ಪ್ರಯೋಗಾಲಯದ 17 ಸೆಂ.ಮೀ. ಓಡು ಬಂದಿರುವುದೂ ಅಂಥದೊಂದು ಗಾತ್ರದ ಪ್ರಾಣಿಯಿಂದ.

ಹೆಂಗಸಿನಿಂದ ಆರು ಕೊಂಡೆವು, ಮೂರು ಅದು, ಮೂರು ಇದು. ಅವಳು ಬೆನ್ನ ಮೇಲೆ ಉದ್ದಕ್ಕೊಂದು ಗೀರು ಹಾಕಿ ಹೆಬ್ಬೆರಳಲ್ಲಿ ಒತ್ತಿದಳು. ಓಡು ಸರಕ್ಕನೆ ಹೊರಗೆ ಜಾರಿತು. “ಇದು ನಾವು ಬಿಸಾಡುದು. ನಿಮಗೆ ಇದೇ ಬೇಕಾ?” ಅಂದು ಇನ್ನೂ ಎಂಟು ಹತ್ತು ಓಡು ಒಂದು ಕೊಟ್ಟೆಗೆ ಹಾಕಿ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಜೆ ಅಳಿಯನ ಕೋಣೆಯಲ್ಲಿ ಓಡುಗಳನ್ನು ತೊಳೆದು ಹಳೆ ಪೇಪರಿನ ಮೇಲೆ ಸಾಲಾಗಿ ಇಟ್ಟೆವು. ಬೆನ್ನಿನ ಬದಿ ಗಟ್ಟಿ. ಹೊಟ್ಟೆಯ ಬದಿಯಲ್ಲಿ ನುಣ್ಣನೆಯ ಗೆರೆಗಳು. ಒಂದೊಂದು ಗೆರೆಯೂ ಒಂದೊಂದು ಕೋಣೆಯ ಅಂಚು. ನೂರಾರು ತೆಳು ಕೋಣೆಗಳು ಪೇರಿಸಿಟ್ಟ ಹಾಗಿರುತ್ತವೆ. ಈ ಕೋಣೆಗಳೊಳಗಿನ ನೀರನ್ನು ಹೀರಿ ಹೊರಹಾಕಿದರೆ ಮೈ ಹಗುರ, ಒಳಬಿಟ್ಟರೆ ಭಾರ. ಮೀನಿನ ಗಾಳಿಚೀಲ ಮಾಡುವ ಕೆಲಸವನ್ನು ಇದು ಗಟ್ಟಿ ಓಡಿನಿಂದ ಮಾಡುತ್ತದೆ. ಎರಿಕ್ ಡೆಂಟನ್ ಮತ್ತು ಜಾನ್ ಗಿಲ್ಪಿನ್-ಬ್ರೌನ್ ಎಂಬ ಇಬ್ಬರು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1960ರ ಆಸುಪಾಸಿನಲ್ಲಿ ಇದನ್ನು ಬಿಡಿಸಿ ತೋರಿಸಿದರು.

ಹಿಂತುದಿಯಲ್ಲಿ ಓಡು ಸಣ್ಣ ಬಟ್ಟಲಿನಂತೆ ಒಳಕ್ಕೆ ಬಾಗಿರುತ್ತದೆ. ಫರೋನಿಸ್‌ಗಳಲ್ಲಿ ಆ ಬಟ್ಟಲಿನ ಒಳ ಅಂಚು ದಪ್ಪಗೆ ಉಬ್ಬಿತ್ತು. ಹೆಬ್ಬೆರಳು ಇಟ್ಟರೆ ಮುತ್ತುಗದ ಎಲೆಯ ಕಡ್ಡಿಯ ಬುಡದ ಹಾಗೆ ಒಂದು ಗಂಟು ಸಿಗುತ್ತಿತ್ತು. ಅಕ್ಯುಲಿಯೇಟಾದಲ್ಲಿ ಹಾಗೆ ಉಂಡೆಯಾಗಿ ಎದ್ದ ಉಬ್ಬಿಲ್ಲ, ಅಂಚು ಸಪಾಟಾಗಿ ಸಾಗಿ ತುದಿಯ ಮುಳ್ಳಿನಲ್ಲಿ ಮುಗಿಯುತ್ತಿತ್ತು. ಮುಳ್ಳು ಇಬ್ಬರಿಗೂ ಉಂಟು. ಅಕ್ಯುಲಿಯೇಟಾದ್ದು ಉದ್ದ, ಚೂಪು. ಹೆಸರೇ ಅದು, ಲ್ಯಾಟಿನ್ನಿನ ಮುಳ್ಳು.

ಟಿಫಿನ್ ಡಬ್ಬಿಗೆ ಕೈ ಹಾಕಿದವನನ್ನು ಅಳಿಯ ತಡೆದ. “ಇವತ್ತು ಬೇಡ ಮಾವ. ಇನ್ನೂ ಒಂದಿಪ್ಪತ್ತು ಓಡು ಮುಟ್ಟು. ಬೆರಳಿಗೆ ಗೊತ್ತಾಗ್ಲಿ.” ಒಪ್ಪಿದೆ. ಬೇಗ ಹೆಸರಿಟ್ಟುಬಿಡುವ ಆಸೆಯೇ ತಪ್ಪು ಚೀಟಿಗಳ ತವರು.

ರಾತ್ರಿ ಬೊಂಡಾಸ್ ಸುಕ್ಕ ತಿನ್ನುತ್ತಾ ಅವನಿಗೆ ಈ ಹೆಸರುಗಳ ಹಿಂದಿನವರ ವಿಷಯ ಹೇಳಿದೆ. ಫರೋನಿಸ್ ಎಂದು 1831ರಲ್ಲಿ ಹೆಸರಿಟ್ಟವನು ಜರ್ಮನಿಯ ಕ್ರಿಸ್ಟಿಯನ್ ಎರೆನ್‌ಬರ್ಗ್. ಗೆಳೆಯ ವಿಲ್ಹೆಲ್ಮ್ ಹೆಂಪ್ರಿಚ್ ಜೊತೆ 1820ರಲ್ಲಿ ಈಜಿಪ್ಟಿಗೆ ಹೋಗಿ ಕೆಂಪು ಸಮುದ್ರದ ದಂಡೆಯುದ್ದಕ್ಕೂ ಅಲೆದ. ಹೆಂಪ್ರಿಚ್ 1825ರಲ್ಲಿ ಮಸಾವಾ ಬಂದರಿನಲ್ಲಿ ಜ್ವರದಿಂದ ತೀರಿಕೊಂಡ; ಎರೆನ್‌ಬರ್ಗ್ ಒಬ್ಬನೇ ಮರಳಿದ. ಅಕ್ಯುಲಿಯೇಟಾದ ಕತೆಯೂ ಜೋಡಿ ಗೆಳೆಯರದ್ದೇ. ಹೈನ್ರಿಕ್ ಕೂಲ್ ಮತ್ತು ಯೋಹಾನ್ ಫಾನ್ ಹಾಸೆಲ್ಟ್ 1820ರಲ್ಲಿ ಜಾವಾಕ್ಕೆ ಹಡಗು ಹತ್ತಿದರು. ಮರುವರ್ಷ ಕೂಲ್ ತೀರಿಕೊಂಡ, 1823ರಲ್ಲಿ ಫಾನ್ ಹಾಸೆಲ್ಟ್. ಅವನಿಗೆ ಆಗ 26 ವರ್ಷ. ಅವನು ಇಟ್ಟ ಹೆಸರು ಅಚ್ಚಾಗಿ ಹೊರಬಂದದ್ದು ಅವನು ಸತ್ತು ಹತ್ತು ವರ್ಷದ ಮೇಲೆ, ಫ್ರಾನ್ಸಿನ ಇಬ್ಬರು ವಿದ್ವಾಂಸರ ಗ್ರಂಥದಲ್ಲಿ. ಅಳಿಯ ತುತ್ತು ಕೈಯಲ್ಲೇ ಹಿಡಿದು ಸುಮ್ಮನೆ ಕೂತಿದ್ದ. ಅವನಿಗೆ 20 ವರ್ಷ.

ಎರಡನೆಯ ದಿನ: ಮಲ್ಪೆ

ಮಲ್ಪೆಯ ಬಂದರು ಮಂಗಳೂರಿನದಕ್ಕಿಂತ ವಿಶಾಲ, ಗಡಿಬಿಡಿಯೂ ಹೆಚ್ಚು. ಇಲ್ಲಿ ಕಪ್ಪೆ ಬೊಂಡಾಸನ್ನು ಗಾತ್ರ ನೋಡಿ ಬೇರೆ ಮಾಡುವುದನ್ನು ನಿಂತು ನೋಡಿದೆವು. ದೊಡ್ಡದು ಒಂದು ಕ್ರೇಟ್, ನಡುವಿನದು ಒಂದು, ಚಿಕ್ಕದು ಒಂದು. ಹೊರದೇಶಕ್ಕೆ ಹೋಗುವ ಮಾಲಾದ್ದರಿಂದ ಗಾತ್ರಕ್ಕೇ ಬೆಲೆ. ಯುರೋಪಿಗೆ, ಜಪಾನಿಗೆ ಹೆಪ್ಪುಗಟ್ಟಿಸಿ ಕಳುಹಿಸುವಾಗ ಮುಳ್ಳು ಉದ್ದವೋ ಗಿಡ್ಡವೋ ಯಾರೂ ಕೇಳುವುದಿಲ್ಲ. ನಡುವಿನ ಕ್ರೇಟಿನಲ್ಲಿ ಎರಡೂ ಪ್ರಭೇದ ಬೆರೆತೇ ಇದ್ದವು.

ಚಾ ಅಂಗಡಿಯಲ್ಲಿ ಸಿಕ್ಕ, ಬೋಟು ನಡೆಸುವ ಒಬ್ಬ ತಾಂಡೇಲರು, ಅರವತ್ತು ದಾಟಿದವರು, ನಮ್ಮ ಕೊಟ್ಟೆಯೊಳಗಿನ ಓಡುಗಳನ್ನು ನೋಡಿ ನಕ್ಕರು. ನಾನು ಬಂದ ಕಾರಣ ಹೇಳಿದೆ. ಅವರು ಮೇಜಿನ ಮೇಲೆ ಬೆರಳಲ್ಲಿ ನೀರು ಎಳೆದು ಕಡಲಿನ ನೆಲ ಬರೆದರು.

“ನೋಡಿ ಮೇಷ್ಟ್ರೇ, ಅಡಿಯಲ್ಲಿ ಕೆಸರು. ಬಯಲಿನ ಹಾಗೆ. ದೊಡ್ಡ ಕಪ್ಪೆ ಬೊಂಡಾಸಿಗೆ ಮೊಟ್ಟೆ ಕಟ್ಲಿಕ್ಕೆ ಎಂತಾದ್ರೂ ಗಟ್ಟಿ ಬೇಕು. ಕಲ್ಲು, ಕಡ್ಡಿ, ಹಗ್ಗ. ಅದಕ್ಕೆ ಕೆಲವರು ಎಂತ ಮಾಡ್ತಾರೆ, ತೆಂಗಿನ ಗೊನೆ ಉಂಟಲ್ಲ, ಕಾಯಿ ತೆಗೆದ ಮೇಲೆ ಉಳಿಯುವ ದಂಟು, ಅದನ್ನು ಕಟ್ಟು ಕಟ್ಟಿ, ಮರಳಿನ ಚೀಲ ಕಟ್ಟಿ ಮುಳುಗಿಸ್ತಾರೆ. ಜಿಪಿಎಸ್‌ನಲ್ಲಿ ಗುರುತು ಹಾಕ್ತಾರೆ. ಕೆಲವು ದಿನ ಬಿಟ್ಟು ಬಂದ್ರೆ ಬೊಂಡಾಸಿನ ಸಂತೆ. ಗಾಳ ಹಾಕಿದ್ರೆ ಆಯ್ತು.”

ಹೀಗೆ ಮಾಡುವವರಲ್ಲಿ ಹೆಚ್ಚಿನವರು ಕನ್ಯಾಕುಮಾರಿಯ ಕಡೆಯಿಂದ ಬರುವ ಗಾಳದ ಬೋಟಿನವರು. ಕಡಲ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿನವರಿಗೆ ಅವರ ಮೇಲೆ ಸಿಟ್ಟು, ಏಕೆಂದರೆ ಮುಳುಗಿಸಿದ ಕಟ್ಟುಗಳಿಗೆ ಬಲೆ ಸಿಕ್ಕಿ ಹರಿಯುತ್ತದೆ. ಕಡಲ ಮಧ್ಯೆ ಜಗಳವೂ ಆಗಿವೆ. ತಾಂಡೇಲರು ಟ್ರಾಲ್‌ನವರು, ಆದರೂ ಅವರ ಮಾತಿನಲ್ಲಿ ಬರೀ ಬಲೆಯ ನಷ್ಟ ಇರಲಿಲ್ಲ. “ಹೆರಿಗೆಗೆ ಬಂದದ್ದನ್ನು ಬಾಗಿಲಲ್ಲೇ ಹಿಡಿದ ಹಾಗಲ್ವಾ ಅದು? ನಾವೂ ಹಿಡೀತೇವೆ, ಇಲ್ಲ ಅನ್ನುದಿಲ್ಲ. ಆದ್ರೆ ನಮ್ಮದ್ರಲ್ಲಿ ಸಿಕ್ಕಿದ್ದು ಸಿಕ್ಕಿತು, ತಪ್ಪಿದ್ದು ತಪ್ಪಿತು.”

ಅವರು ದೊಡ್ಡ ಕಪ್ಪೆ ಬೊಂಡಾಸ್ ಅಂದದ್ದು ಫರೋನಿಸ್. ತೆಂಗಿನ ದಂಟಿನ ಸುತ್ತ ಸೇರುವುದು ಅದೇ. ಮಂಗಳೂರಿನ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಕೇಂದ್ರದವರು ಈ ಮೀನುಗಾರಿಕೆಯನ್ನು ಬಿಡದೆ ಅಭ್ಯಾಸ ಮಾಡಿದ್ದಾರೆ. ಹೀಗೆ ಗಾಳಕ್ಕೆ ಬೀಳುವವು ಮೊಟ್ಟೆಯಿಡಲು ಸಿದ್ಧವಾದ ಪ್ರಾಣಿಗಳು. ಕಪ್ಪೆ ಬೊಂಡಾಸಿನ ಆಯುಷ್ಯವೇ ಒಂದು ವರ್ಷದ ಹತ್ತಿರ. ಒಂದು ಋತುವಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಎರಡನೆಯ ಸಲ ಎಂಬುದಿಲ್ಲ. ಮೀನಿನಂತೆ ಮೂರು ನಾಲ್ಕು ವರ್ಷದ ತಾಯಂದಿರು ಹಿಂದೆ ಉಳಿದಿರುವುದಿಲ್ಲ. ಈ ವರ್ಷ ಇಟ್ಟದ್ದೇ ಬರುವ ವರ್ಷದ ಬೋಟಿಗೆ.

ಅಕ್ಯುಲಿಯೇಟಾಕ್ಕೆ ಈ ದಂಟಿನ ಬಲೆ ಇಲ್ಲ, ಅದನ್ನು ಹಿಡಿಯುವುದು ಟ್ರಾಲ್. ಅಂದರೆ ಎರಡರ ಮೇಲೂ ಬೀಳುವ ಹೊಡೆತ ಬೇರೆ ಬೇರೆ. ಕ್ರೇಟಿನಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಒಂದೇ ತೂಕ. ದೊಡ್ಡ ನೆಂಟ ಸೊರಗುತ್ತಾ ಸಣ್ಣವನು ಹೆಚ್ಚಿದರೂ ತಕ್ಕಡಿಗೆ ಗೊತ್ತಾಗುವುದಿಲ್ಲ. ನಮ್ಮ ಕಪಾಟಿನ ಚೀಟಿಯ ತಪ್ಪು ಹೇಗಿದೆಯೋ ಹಾಗೆಯೇ ಇದೂ ಎಂದು ನನಗೆ ಆ ಚಾ ಅಂಗಡಿಯಲ್ಲಿ ಹೊಳೆಯಿತು. ಇಲ್ಲಿ ಮಾತ್ರ ಅದಕ್ಕೆ ಬೆಲೆ ತೆರುವವರು ತಾಂಡೇಲರಂಥವರು.

ಮೂರನೆಯ ದಿನ: ದಾರಿ

ಮಲ್ಪೆಯಿಂದ ಬಡಗಕ್ಕೆ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು. ಇಳಿದು ಮರಳಿನಲ್ಲಿ ಅರ್ಧ ತಾಸು ಹುಡುಕಿದೆವು, ನಾಲ್ಕು ಓಡು ಸಿಕ್ಕವು, ಒಂದು ಗಂಟಿರುವುದು, ಮೂರು ಇಲ್ಲದವು. ಭಟ್ಕಳ ದಾಟಿ ಮುರ್ಡೇಶ್ವರ ಸೇರುವಾಗ ಕತ್ತಲು. ಗಾಳಿ ಬೀಸುತ್ತಿತ್ತು. ನಾಳೆ ಬೋಟು ಹೋಗುತ್ತದೋ ಇಲ್ಲವೋ ಬೆಳಿಗ್ಗೆಯೇ ಹೇಳುವುದು ಅಂದರು. ಬೇಗ ಮಲಗಿದೆ, ನಿದ್ದೆ ಬರಲಿಲ್ಲ.

ನಾಲ್ಕನೆಯ ದಿನ: ನೇತ್ರಾಣಿ

ಗಾಳಿ ನಿಂತಿತ್ತು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ. ದೂರ. ಕಡಲ ಮಧ್ಯೆ ದಿಢೀರನೆ ಎದ್ದ ಕಡಿದಾದ ಬಂಡೆ, ತಲೆಯ ಮೇಲೆ ಹಸಿರು. ಮೀನುಗಾರರು ಇಲ್ಲಿನ ಜಟ್ಟಿಗನಿಗೆ ಹರಕೆ ಹೊರುತ್ತಾರೆ. ಹತ್ತಿರವಾದಂತೆ ನೀರಿನ ಬಣ್ಣ ಕೆಸರು ಹಸಿರಿನಿಂದ ನೀಲಿಗೆ ತಿರುಗಿತು.

ನಲವತ್ತೈದು ದಾಟಿದ ನನಗೆ ಇದು ಮೊದಲ ಮುಳುಗು. ಕೊಳವೆಯ ಗಾಳಿಯನ್ನು ಬಾಯಿಯಲ್ಲಿ ಎಳೆದು ಬಿಡುವ ಸದ್ದು ಮಾತ್ರ ಕಿವಿಯಲ್ಲಿ. ತರಬೇತಿದಾರ ನನ್ನ ಬೆನ್ನಿನ ಪಟ್ಟಿ ಹಿಡಿದಿದ್ದರು. ಕಿವಿ ಒತ್ತಿತು, ಮೂಗು ಹಿಡಿದು ಊದಿದೆ, ಬಿಟ್ಟಿತು. ಎಂಟು ಮೀಟರಿನಲ್ಲಿ ಬಂಡೆಯ ಗೋಡೆ, ಅದರ ಮೇಲೆ ಹವಳದ ತೇಪೆಗಳು, ಗಿಳಿಮೀನುಗಳ ಹಿಂಡು. ಒಂದು ಸುತ್ತು ಮುಗಿಯುವ ಹೊತ್ತಿಗೆ ಅವರು ನನ್ನ ಭುಜ ತಟ್ಟಿ, ಮುಂಗೈ ಮಡಚಿ ಬೆರಳುಗಳನ್ನು ಕೆಳಕ್ಕೆ ತೂಗಾಡಿಸಿ ತೋರಿಸಿದರು. ನನಗೆ ಅರ್ಥವಾಯಿತು. ಆದರೆ ಕಾಣಲಿಲ್ಲ.

ನಾನು ಬಂಡೆಯನ್ನೇ ನೋಡುತ್ತಿದ್ದೆ. ಬಂಡೆಯ ಒಂದು ತುಂಡು ಉಸಿರಾಡಿತು.

ಎರಡಿದ್ದವು. ಮುಂದಿನದು ಮೊಳದುದ್ದ. ನಾನು ಕಂಡೆನೆಂದು ಅದಕ್ಕೂ ತಿಳಿಯಿತೋ ಏನೋ, ಪಾಚಿ ಬಣ್ಣದ ಮೈ ಒಂದು ರೆಪ್ಪೆ ಮಿಟುಕಿನಲ್ಲಿ ಬಿಳಿಚಿ, ಮರುಕ್ಷಣ ಮುಂದಲೆಯಿಂದ ಹಿಂಬದಿಯವರೆಗೆ ದಟ್ಟ ಕಂದು ಪಟ್ಟೆಗಳು ಎದ್ದವು. ಕೈಗಳ ಮೇಲೂ ಪಟ್ಟೆ. ದಕ್ಕೆಯಲ್ಲಿ ಮಾಸಿ ಮಲಗಿದ್ದ ಆ ಗೆರೆಗಳು ಇಲ್ಲಿ ಸಾಣೆ ಹಿಡಿದ ಹಾಗಿದ್ದವು. ಗಂಡು ಫರೋನಿಸ್, ಜೊತೆಗಾತಿಯನ್ನು ಕಾಯುವ ಹೊತ್ತಿನ ವೇಷ. ಮೈಯ ಸುತ್ತಲಿನ ಈಜುರೆಕ್ಕೆ ಸೀರೆಯ ನೆರಿಗೆಯಂತೆ ಅಲೆಅಲೆಯಾಗಿ ಮಿಡಿಯುತ್ತಿತ್ತು. ಬೇರೆಲ್ಲೂ ಅಲುಗಾಟವಿಲ್ಲ. ಕಣ್ಣಿನ ಪಾಪೆ ಗೆರೆಯೆಳೆದ ಹಾಗೆ, ನಡುವೆ ಒಂದು ಏರು, ಎರಡು ಕಡೆ ಇಳಿತ. ಆ ಕಣ್ಣು ನನ್ನ ಮೇಲೆಯೇ ನೆಟ್ಟಿತ್ತು.

ಈ ಕಣ್ಣಿಗೆ ಬಣ್ಣ ಕಾಣುವುದಿಲ್ಲ. ಬಣ್ಣ ಬೇರ್ಪಡಿಸಲು ಬೇಕಾದ ಹಲವು ವರ್ಣಕಗಳು ಅದರ ಒಳಪರದೆಯಲ್ಲಿಲ್ಲ, ಇರುವುದು ಒಂದೇ. ಬದಲಿಗೆ ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತಿದೆ ಎಂಬುದನ್ನು ಅದು ಕಾಣುತ್ತದೆ, ನಾವು ಕಾಣೆವು. ಬಣ್ಣವೇ ಕಾಣದ ಪ್ರಾಣಿ ಪಾಚಿಯ ಬಣ್ಣವನ್ನು ಹೇಗೆ ಉಟ್ಟಿತು ಎಂದು ಎಂಟು ಮೀಟರಿನ ಆಳದಲ್ಲಿ ಯೋಚಿಸುತ್ತಾ ಉಸಿರು ಬಿಡುವುದನ್ನೇ ಮರೆತೆ. ತರಬೇತಿದಾರರು ಎದೆ ತಟ್ಟಿ ಎಚ್ಚರಿಸಿದರು.

ಹಿಂದಿನದು ಹೆಣ್ಣು, ಗಾತ್ರದಲ್ಲಿ ಕಿರಿದು, ಗೆರೆ ಮಾಸಲು. ಬಂಡೆಯ ಸೀಳಿನೊಳಕ್ಕೆ ಕೈಗಳನ್ನೆಲ್ಲ ಒಟ್ಟುಮಾಡಿ ಚಾಚಿತು, ಒಂದೆರಡು ಕ್ಷಣ ಹಾಗೇ ನಿಂತು ಹಿಂದೆ ಸರಿಯಿತು. ಮತ್ತೆ ಚಾಚಿತು. ಅದು ಅತ್ತ ಸರಿದಾಗ ತರಬೇತಿದಾರರು ದೂರದಿಂದಲೇ ಟಾರ್ಚು ಬಿಟ್ಟರು. ಸೀಳಿನ ಚಾವಣಿಯಿಂದ ದ್ರಾಕ್ಷಿಯಷ್ಟು ದಪ್ಪದ ಹಾಲುಬಿಳಿ ಮೊಟ್ಟೆಗಳು ಗೊಂಚಲಾಗಿ ನೇತಾಡುತ್ತಿದ್ದವು. ಕೆಲವು ಸೆಪಿಯಾಗಳು ಮೊಟ್ಟೆಗೆ ಮಸಿ ಬಳಿದು ಕಪ್ಪು ಮಾಡುತ್ತವೆ. ಫರೋನಿಸ್‌ನದು ಬೆಳಕು ಹಾಯುವ ಬಿಳಿ. ಬೆಚ್ಚಗಿನ ನೀರಿನಲ್ಲಿ ಎರಡು ವಾರದ ಆಸುಪಾಸಿಗೆ ಮರಿ ಹೊರಬರುತ್ತದೆ, ಬರುವಾಗಲೇ ಸಣ್ಣ ಓಡು, ಮಸಿ ಚೀಲ, ಬಣ್ಣದ ಚುಕ್ಕೆ ಎಲ್ಲ ಸಮೇತ. ಇದೇ ಗೊಂಚಲು ತೆಂಗಿನ ದಂಟಿಗೆ ಕಟ್ಟಿದ್ದರೆ? ತಾಂಡೇಲರು ಮೇಜಿನ ಮೇಲೆ ಎಳೆದ ನೀರಿನ ಗೆರೆ ನೆನಪಾಯಿತು.

ಬೋಟಿನ ಮೇಲೆ ಬಂದಾಗ ಮಾತು ಹೊರಡಲಿಲ್ಲ. ಅಳಿಯ ಮೀನಿನ ಹಾಗೆ ಈಜುವವನು, ಅವನೂ ಸುಮ್ಮನಿದ್ದ. ಆಮೇಲೆ ಅವನೇ, ಜಪಾನಿನ ಓಕಿನಾವಾದಲ್ಲಿ ಸಾಕಿದ ಫರೋನಿಸ್‌ಗಳು ಕೈಗಳನ್ನು ಸನ್ಯಾಸಿ ಏಡಿಯ ಕಾಲಿನಂತೆ ಪಟಪಟ ಆಡಿಸುವುದನ್ನು ಸಂಶೋಧಕರು 2017ರಲ್ಲಿ ಬರೆದಿದ್ದಾರೆಂದು ಹೇಳಿದ. ಏಡಿಯ ವೇಷ ಹಾಕಿದವು ಹೆಚ್ಚು ಮೀನು ಹಿಡಿದವಂತೆ. ಇನ್ನೊಂದು ಮಾತನ್ನೂ ಅವನು ಹೇಳಿದ, ಅದು ನನ್ನನ್ನು ಇಡೀ ದಾರಿ ಕಾಡಿತು: ಕೆಂಪು ಸಮುದ್ರದಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ಫರೋನಿಸ್ ಕೂಡ ಒಂದೇ ಪ್ರಭೇದವಲ್ಲ. 2011ರ ವಂಶವಾಹಿ ಅಧ್ಯಯನ ಇದರೊಳಗೆ ಐದು ಬೇರೆ ಬೇರೆ ಕವಲು ಕಂಡಿತು. ತೂತ್ತುಕುಡಿಯ ಕಡಲಿನಿಂದ 2001ರಲ್ಲಿ ಸೆಪಿಯಾ ರಮಣಿ ಎಂದು ಬೇರೆಯೇ ಹೆಸರು ಪಡೆದ ಕಪ್ಪೆ ಬೊಂಡಾಸೂ ಇದರ ಒಡಹುಟ್ಟು. ಅಂದರೆ ಎರೆನ್‌ಬರ್ಗ್ ಅಂಟಿಸಿದ ಚೀಟಿಯನ್ನೂ ಮತ್ತೆ ಓದಬೇಕು.

ಅಕ್ಯುಲಿಯೇಟಾವನ್ನು ಜೀವಂತ ನೋಡುವ ಆಸೆ ಈ ಪ್ರವಾಸದಲ್ಲಿ ತೀರಲಿಲ್ಲ. ಅದು ಬಂಡೆಯ ಪ್ರಾಣಿಯಲ್ಲ. 60 ಮೀಟರಿನೊಳಗಿನ ಮರಳು, ಕೆಸರಿನ ನೆಲ ಅದರ ಮನೆ. ಅಲ್ಲಿ ಟಾರ್ಚು ಹಿಡಿದರೂ ಕೈಯಳತೆ ಕಾಣುವುದಿಲ್ಲ. ಪಟ್ಟೆಯವನಿಗೆ ಅಭಿಮಾನಿಗಳು, ಫೋಟೋಗಳು, ತರಬೇತಿದಾರರ ಕೈಸನ್ನೆ. ಮುಳ್ಳಿನವನನ್ನು ಮನುಷ್ಯರು ಕಾಣುವುದು ಬಲೆ ಎತ್ತಿದ ಮೇಲೆ ಮಾತ್ರ. ಅದು ಹೇಗೆ ಕೂಡುತ್ತದೆ, ಯಾವ ವೇಷ ಹಾಕುತ್ತದೆ ಎಂದು ಕೆಸರಿನ ನೆಲದ ಮೇಲೆ ಕೂತು ನೋಡುವವರು ಬೇಕು. ಅಳಿಯನ ಮುಖ ನೋಡಿದೆ. ಅವನು ಕಡಲಿನ ಕಡೆ ನೋಡುತ್ತಿದ್ದ.

ಐದನೆಯ ದಿನ: ಕಾರವಾರ

ಕಾರವಾರದಲ್ಲಿ ಕಪ್ಪೆ ಬೊಂಡಾಸ್ ಎಂದರೆ ಯಾರಿಗೂ ತಿಳಿಯಲಿಲ್ಲ. ಇಲ್ಲಿ ಕೊಂಕಣಿಯ ಮಾಣಕಿ. ಹೆಸರು ಬದಲಾಯಿತೇ ಹೊರತು ಬುಟ್ಟಿ ಅದೇ.

ಬೆಳಿಗ್ಗೆ ಇಳಿತದ ಹೊತ್ತಿಗೆ ಕಾಳಿ ನದಿಯ ಬಾಯಿಯ ಕಡೆಗೆ ಮರಳಿನಲ್ಲಿ ನಡೆದೆವು. ಅಲೆ ಬಿಟ್ಟುಹೋದ ಕಸದ ಗೆರೆಯಲ್ಲಿ ಬಿಳಿ ಕಂಡಲ್ಲೆಲ್ಲ ಬಗ್ಗುವುದು. ಎರಡು ತಾಸಿನಲ್ಲಿ ಹನ್ನೊಂದು ಓಡು. ಒಂದರ ಮೇಲೆ ಹಕ್ಕಿ ಕುಕ್ಕಿದ ಗುರುತು, ಇನ್ನೊಂದಕ್ಕೆ ಕಡಲಿನಲ್ಲೇ ಅಂಟಿಕೊಂಡ ಚಿಪ್ಪುಹುಳಗಳು. ಪ್ರಾಣಿ ಸತ್ತರೂ ಓಡಿನ ಕೋಣೆಗಳಲ್ಲಿ ಗಾಳಿ ಇರುವುದರಿಂದ ತೇಲುತ್ತಾ ಎಲ್ಲೆಲ್ಲಿಗೋ ಹೋಗುತ್ತದೆ. ಇಲ್ಲಿ ಸಿಕ್ಕ ಓಡು ಇಲ್ಲಿಯದೇ ಎನ್ನುವಂತಿಲ್ಲ. ಅಳಿಯ ಒಂದೊಂದನ್ನೇ ನನ್ನ ಕೈಗೆ ಕೊಟ್ಟ. ನಾನು ಕಣ್ಣು ಮುಚ್ಚಿ ಹೆಬ್ಬೆರಳಿಟ್ಟು ಹೇಳಿದೆ. ಏಳು ಫರೋನಿಸ್, ಮೂರು ಅಕ್ಯುಲಿಯೇಟಾ. ಒಂದು ಅಂಗೈಯಷ್ಟೂ ಇಲ್ಲದ್ದು, ಎರಡಕ್ಕೂ ಹೊಂದಲಿಲ್ಲ; ಅದಕ್ಕೆ ನಾನು ಹೆಸರು ಹೇಳಲಿಲ್ಲ.

ಹನ್ನೆರಡನೆಯದು ಬೇರೆ ಥರ ಒಣಗಿತ್ತು. ಅಂಚು ಹಳದಿ, ಹಿಂತುದಿ ಮುರಿದ ಮುಳ್ಳು, ಬೆರಳಿಗೆ ಸಪಾಟು. ಗಂಟಿಲ್ಲ. ಎರಡು ಸಲ ತಡವಿದೆ.

“ಅಕ್ಯುಲಿಯೇಟಾ,” ಅಂದೆ.

“ಕಣ್ಣು ಬಿಡು ಮಾವ.”

ಟಿಫಿನ್ ಡಬ್ಬಿ ಅವನ ಕೈಯಲ್ಲಿ ತೆರೆದಿತ್ತು. ಹದಿನಾರು ವರ್ಷ ನಾನು ಎತ್ತಿ ತೋರಿಸಿದ್ದು ಅದನ್ನೇ. ತೋರಿಸುವಾಗಲೆಲ್ಲ ಹುಲಿಪಟ್ಟೆಯ ಚಿತ್ರವನ್ನು ಪಕ್ಕದಲ್ಲಿ ಬೋರ್ಡಿಗೆ ಅಂಟಿಸುತ್ತಿದ್ದೆ. ಮುಳ್ಳಿನವನ ಓಡಿಗೆ ಪಟ್ಟೆಯವನ ಚಿತ್ರ.

ಘಟ್ಟ ಹತ್ತುವ ಬಸ್ಸಿನಲ್ಲಿ ಎರಡು ಚೀಟಿ ಬರೆದೆ. ಮೊದಲನೆಯದು: ಸೆಪಿಯಾ ಫರೋನಿಸ್, ಮಂಗಳೂರು ದಕ್ಕೆ, ಅದರ ಕೆಳಗೆ ತಾರೀಕು. ಎರಡನೆಯದು: ಸೆಪಿಯಾ ಅಕ್ಯುಲಿಯೇಟಾ. ಅದರ ಊರು ಮತ್ತು ತಾರೀಕಿನ ಜಾಗ ಖಾಲಿ ಬಿಟ್ಟೆ. ತಂದವರು ಬರೆದಿಟ್ಟಿಲ್ಲ, ನಾನು ತುಂಬುವುದು ಸಲ್ಲ.

ಸೋಮವಾರ ಹಿಂದಿನ ಬೆಂಚಿನ ಹುಡುಗಿಯನ್ನು ಪ್ರಯೋಗಾಲಯಕ್ಕೆ ಕರೆದೆ. ಚೀಟಿ ಕಾಣದ ಹಾಗೆ ಎರಡೂ ಓಡು ಅವಳ ಮುಂದಿಟ್ಟು, ಹಿಂತುದಿಯ ಒಳಗೆ ಹೆಬ್ಬೆರಳು ಇಟ್ಟು ನೋಡಮ್ಮ ಅಂದೆ.